ಹಿಂದಕ್ಕೆ ಚೆಂಡೆಸೆಯುವ ನಮ್ಮಣ್ಣ

ನಮ್ಮ ವಂಶದಲ್ಲಿ ಬೆನ್ನು ಬಗ್ಗಿಸಿ ದುಡಿದವನೆಂದರೆ ನಮ್ಮ ದೊಡ್ಡಪ್ಪನ ಮಗನೊಬ್ಬನೇ. ಹೊಗಳಿಕೆಯೆಂದು ತಿಳಿಯಬೇಡಿ! ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅವನ ಉದ್ಯೋಗವೇ ಅದು: ಬಗ್ಗುವುದು, ತನ್ನ ಕಾಲುಗಳ ಸಂದಿಯಿಂದ ಹಿಂದಿನವನ ಕೈಗೆ ಚೆಂಡು ಎಸೆಯುವುದು. ಒದೆಯುವವನು ಬೇರೆ, ಓಡುವವನು ಬೇರೆ, ಚಪ್ಪಾಳೆ ಗಿಟ್ಟಿಸುವವನು ಇನ್ನೂ ಬೇರೆ. ಸಿಡ್ನಿಯ ರೌಸ್ ಹಿಲ್‌ನಿಂದ ಸಮುದ್ರ ದಾಟಿ ಅಮೆರಿಕಕ್ಕೆ ಹೋಗಿ ಕಲಿತ ವಿದ್ಯೆ ಇದು!

ಒಂಬತ್ತು ವರ್ಷದಲ್ಲಿ ಆರು ಟೀಮು. ಯಾರದೋ ಮೊಣಕಾಲಿಗೆ ನೋವಾದರೆ ಇವನಿಗೆ ಕರೆ. ನೋವು ವಾಸಿಯಾದರೆ ಇವನಿಗೆ ಗೇಟು. ಕರೆ ಬಂದಾಗಲೆಲ್ಲ ದೊಡ್ಡಮ್ಮ ಬ್ಲ್ಯಾಕ್‌ಟೌನ್‌ನಿಂದ ಪೇಢೆ ತಂದು ಕನ್ನಡದವರ ಮನೆಗಳಿಗೆ ಹಂಚುವುದು ಪದ್ಧತಿ. ಒಮ್ಮೆ ಮೂರನೆಯ ಮನೆ ಮುಟ್ಟುವಷ್ಟರಲ್ಲಿ ಅವನನ್ನು ಬಿಟ್ಟ ಸುದ್ದಿ ಬಂತು. ಧಾರವಾಡದ ಹೆಣ್ಣುಮಗಳು ಧೃತಿಗೆಟ್ಟಾಳೇ? "ಇದು ಮುಂದಿನ ಟೀಮಿಂದು ಅಂತ ತಿಳ್ಕೊಳ್ರಿ" ಎಂದು ಉಳಿದದ್ದನ್ನೂ ಹಂಚಿಬಿಟ್ಟರು!

ದೊಡ್ಡಪ್ಪನದು ಬೇರೆ ಹುಚ್ಚು. ಮಗನನ್ನು ಕೈಬಿಟ್ಟ ಟೀಮುಗಳ ಜರ್ಸಿಗಳನ್ನೇ ದಿನಕ್ಕೊಂದರಂತೆ ತೊಟ್ಟು ವಾಕಿಂಗ್ ಹೋಗುವುದು! "ಬುಧವಾರದ್ದು ಸ್ವಲ್ಪ ಬಿಗಿ ಆಗೇತಿ" ಎಂಬ ದೂರು ಬೇರೆ. ಆದರೆ ಮಗನ ಆಟವನ್ನು ಎದುರಿಗೆ ನಿಂತು ನೋಡಿರಲಿಲ್ಲ. ಅಷ್ಟು ದೂರದ ವಿಮಾನ ಹೃದಯಕ್ಕೆ ಒಳ್ಳೆಯದಲ್ಲವೆಂದು ಡಾಕ್ಟರು ತಡೆದಿದ್ದರು. ಟಿವಿಯಲ್ಲೋ, ಕಂಡದ್ದು ಮಗನ ಸೊಂಟದ ಹಿಂಭಾಗ ಮಾತ್ರ!

ಕೊನೆಗೆ ಅವನನ್ನು ಕರೆಸಿಕೊಂಡ ಏಳನೆಯ ಟೀಮು ಮೆಲ್ಬರ್ನ್‌ಗೇ ಆಡಲು ಬಂತು. ದೊಡ್ಡಪ್ಪ, ದೊಡ್ಡಮ್ಮ ಮೂರು ದಿನ ಮೊದಲೇ ಗ್ಲೆನ್ ವೇವರ್ಲಿಯ ನಮ್ಮ ಮನೆಯಲ್ಲಿ ಹಾಜರು. ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಅಣ್ಣನೇ ನಿಂತಿದ್ದಾನೆ, ಭುಜದ ಮೇಲೆ ಬ್ಯಾಗು. ಹಳಬನ ಮೊಣಕಾಲು ವಾಸಿಯಾಗಿತ್ತು!

ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ ನನ್ನ ನಾಲಿಗೆ ಸುಮ್ಮನಿದ್ದೀತೇ?

"ಅಣ್ಣಾ, ಸಿಂಪಲ್ ಪ್ರಶ್ನೆ. ನೀನಿಲ್ಲದೆ ಏಳೂ ಟೀಮು ಆರಾಮಾಗಿ ನಡೀತಿವೆ. ಇದರಿಂದ ಏನು ಪ್ರೂವ್ ಆಯ್ತು?"

"ನನ್ನ ಎಸೆತ ಒಂದೂ ತಪ್ಪಿಲ್ಲ ಕಣೇ."

"ತಪ್ಪದೇ ಇರೋದು ಸಾಧನೆನಾ? ನಮ್ಮನೆ ಫ್ರಿಜ್ಜೂ ಇವತ್ತಿನ ತನಕ ತಪ್ಪಿಲ್ಲ!"

"ಬಾಯಿ ಸಾಕು ಮಾಡು" ಎಂದರು ದೊಡ್ಡಪ್ಪ. "ಹಿತ್ತಲಿಗೆ ನಡಿ. ಅಂವ ಒಗೀತಾನ, ನೀ ಹಿಡಿ."

ಬಟ್ಟೆ ಒಣಹಾಕುವ ಕಂಬದ ಪಕ್ಕ ನಿಂತೆ. ಹದಿನೈದು ಹೆಜ್ಜೆ ಆಚೆ ಅಣ್ಣ ಬಗ್ಗಿದ. ರಪ್ಪನೆ ಚೆಂಡು ಅಂಗೈಗೆ ಬಡಿಯಿತು. ಬೇಕೆಂದೇ ಎಡಕ್ಕೆ ಸರಿದೆ, ಅಲ್ಲಿಗೇ ಬಂತು. ಕೂತೆ, ಅಲ್ಲಿಗೂ ಬಂತು. ಅಂಗೈ ಉರಿಯುತ್ತಿತ್ತು. ಛೇ, ಇವನು ಒಂದಾದರೂ ತಪ್ಪಬಾರದೇ!

"ನೀ ಆಚಿಗೆ ಸರಿ" ಎಂದು ದೊಡ್ಡಪ್ಪ ನನ್ನ ಜಾಗದಲ್ಲಿ ಬಂದು ನಿಂತರು.

"ಬ್ಯಾಡಪ್ಪಾ, ಪೆಟ್ಟಾಗತದ."

"ಆಟದಾಗ ಒಗೀತಿಯಲ್ಲ, ಹಂಗ ಒಗಿ."

ಹಾಗೆಯೇ ಎಸೆದ. ಚೆಂಡು ನೇರ ಎದೆಗೇ ಬಂತು. ದೊಡ್ಡಪ್ಪ ಒಂದು ಹೆಜ್ಜೆ ತತ್ತರಿಸಿದರು. ನಾನು ಹಿಂದಿನಿಂದ ಬೆನ್ನಿಗೆ ಆಸರೆ ಕೊಟ್ಟೆ. ಆದರೆ ಚೆಂಡು ಬಿಡಲಿಲ್ಲ, ಕೂಸಿನ ಹಾಗೆ ಅವುಚಿಕೊಂಡರು.

"ನೋಡಿದೆ ಬಿಡಪಾ" ಎಂದರು. "ನಿನ್ನ ಆಟ ನೋಡಿದೆ."

ಅಣ್ಣ ಬಗ್ಗಿದವನು ಏಳಲೇ ಇಲ್ಲ. ಕಾಲುಗಳ ನಡುವೆ ತಲೆಕೆಳಗಾಗಿ ಕಾಣುತ್ತಿದ್ದ ಅವನ ಮುಖದಲ್ಲಿ ಕಣ್ಣೀರು ಹಣೆಯ ಕಡೆಗೆ ಹರಿಯುತ್ತಿತ್ತು.