ಕಳುವಾದ ಸೊಂಟದ ಅಳತೆ

ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಕೂತವರಿಗೆ ದಿನಕ್ಕೊಂದಾದರೂ ನಗುವ ಸಂಗತಿ ಸಿಕ್ಕೇ ಸಿಗುತ್ತದೆ. ಆದರೆ ನಮ್ಮ ಅಂಗಡಿಗೆ ಕಳ್ಳರು ಬಿದ್ದ ಮೇಲೆ ಸಿಕ್ಕಷ್ಟು ನನಗೆ ಅದಕ್ಕೂ ಮೊದಲು ಸಿಕ್ಕಿರಲಿಲ್ಲ.

ಕಳ್ಳರು ಬಿದ್ದದ್ದು ಗಲ್ಲಾಪೆಟ್ಟಿಗೆಗಲ್ಲ, ಕಂಪ್ಯೂಟರಿಗೆ. ನಮ್ಮ ಮುಖ್ಯ ಅಂಗಡಿ ಬೈಲಹೊಂಗಲದ್ದು. ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಒಂದೊಂದು ಶಾಖೆ. ರಿಯಾಯಿತಿ ಕಾರ್ಡ್ ಮಾಡಿಸಿದವರ ಹೆಸರು, ಊರು, ಫೋನ್ ನಂಬರು, ಹುಟ್ಟಿದ ದಿನ, ಜೊತೆಗೆ ಹೊಲಿಯಲು ಕೊಟ್ಟವರ ಅಳತೆ ಎಲ್ಲವೂ ಆ ಕಂಪ್ಯೂಟರಿನಲ್ಲಿತ್ತು. ಯಾರೋ ಎಲ್ಲೋ ಕೂತು ಅಷ್ಟನ್ನೂ ಎತ್ತಿಕೊಂಡು ಹೋದರು.

ನಮ್ಮ ಸಾಹುಕಾರರಿಗೆ ಊಟ ಸೇರಲಿಲ್ಲ. ತಂದೆಯ ಕಾಲದಿಂದ ಬರುತ್ತಿದ್ದ ಗಿರಾಕಿಗಳು ಕೈಬಿಟ್ಟರೆ ಗತಿಯೇನು ಎನ್ನುವ ಚಿಂತೆ. ಸುದ್ದಿಯನ್ನು ಸುಮ್ಮನೆ ಮುಚ್ಚಿಟ್ಟರೆ ಹೇಗೆ ಎಂದು ವಕೀಲರನ್ನು ಕೇಳಿದರು. ವಕೀಲರು ಹಾಗೆ ಮಾಡುವಂತಿಲ್ಲ, ಪ್ರತಿಯೊಬ್ಬ ಗಿರಾಕಿಗೂ ತಿಳಿಸಬೇಕು ಎಂದರು. ತಮ್ಮ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ಅಂತ ಕೇಳುವ ಹಕ್ಕು ಗಿರಾಕಿಗಿದೆ, ತಪ್ಪಿದ್ದರೆ ತಿದ್ದಿಸುವ ಹಕ್ಕಿದೆ, ಬೇಡವಾದರೆ ಅಳಿಸಿಸುವ ಹಕ್ಕಿದೆ, ಉತ್ತರ ಹೇಳಲು ಒಬ್ಬರನ್ನು ಕೂರಿಸಿ ಅಂತಲೂ ಹೇಳಿದರು. ಸಾಹುಕಾರರು ಅಂಗಡಿಯ ತುಂಬ ಕಣ್ಣಾಡಿಸಿದರು. ಬೈಸಿಕೊಂಡರೂ ನಗುವವಳು ನಾನೊಬ್ಬಳೇ ಅನ್ನಿಸಿರಬೇಕು. ಮಧ್ಯಾಹ್ನದ ಹೊತ್ತಿಗೆ ನನ್ನ ಟೇಬಲ್ಲು ಬಾಗಿಲ ಹತ್ತಿರ ಬಂತು.

ದೇಗಾಂವದ ಹಿರಿಯರು

ಎಲ್ಲರಿಗೂ ಮೆಸೇಜು ಹೋಯಿತು. ನಿಮ್ಮ ಹೆಸರು, ನಂಬರು ಕಳುವಾಗಿವೆ, ಯಾರಾದರೂ ಫೋನ್ ಮಾಡಿ ಓಟಿಪಿ ಕೇಳಿದರೆ ಹೇಳಬೇಡಿ, ಏನಾದರೂ ಕೇಳುವುದಿದ್ದರೆ ಅಂಗಡಿಗೆ ಬನ್ನಿ ಅಂತ.

ಮೊದಲು ಬಂದವರು ದೇಗಾಂವದ ಒಬ್ಬ ಹಿರಿಯರು. ಬಸ್ಸಿಳಿದು ನೇರ ಬಂದು ಕೂತು, ನೀರು ಕುಡಿದು, ಹೆಸರು ಕಳುವಾಗುವುದು ಅಂದರೆ ಏನು ಅಂತ ಕೇಳಿದರು. ನಿಮ್ಮ ಹೆಸರು ಹೇಳಿಕೊಂಡು ಯಾರಾದರೂ ಮೋಸ ಮಾಡಬಹುದು, ಎಚ್ಚರದಿಂದ ಇರಿ ಎಂದು ನಾನು ಬಿಡಿಸಿ ಹೇಳಿದೆ. ಅವರು ಕಳ್ಳನ ಮೇಲೆ ಕನಿಕರ ಬಂದವರ ಹಾಗೆ ತಲೆ ಅಲ್ಲಾಡಿಸಿದರು.

"ನನ್ನ ಹೆಸರಿನವರು ನಮ್ಮೂರಾಗ ಏಳು ಮಂದಿ ಅದೀವವ್ವಾ. ಅಡ್ಡಹೆಸರೂ ಒಂದ. ಯಾವ ಕಾಗದ ಯಾರಿಗಿ ಕೊಡಬೇಕಂತ ಪೋಸ್ಟಮನ್ನಗ ಇನ್ನೂ ತಿಳಿವಲ್ತು. ಆ ಕಳ್ಳಗ ಏನರ ಗೊತ್ತಾದ್ರ, ನಮಗೂ ಒಂದೀಟ ಹೇಳಂತ ಹೇಳು."

ನೀವೇ ಕಳ್ಳರು

ಮೆಸೇಜು ಓದದವರಿಗೆ ನಾನೇ ಫೋನ್ ಮಾಡಬೇಕಿತ್ತು. ಸವದತ್ತಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಒಬ್ಬರಿಗೆ ಮಾಡಿದೆ. ನಾನು ಅಂಗಡಿಯ ಹೆಸರು ಹೇಳಿ, ಮೋಸಗಾರರು ಫೋನ್ ಮಾಡಬಹುದು ಅನ್ನುವುದರೊಳಗೆ ಅವರು, ಮೋಸಗಾರರು ಹೀಗೇ ಶುರು ಮಾಡುತ್ತಾರೆ, ನೀನೇ ಅವಳು ಅಂತ ಬೈದು ಫೋನಿಟ್ಟರು. ಮತ್ತೆ ಮಾಡಿದೆ. ನಾನು ಅಂಗಡಿಯವಳೇ, ಬೇಕಾದರೆ ನೀವು ಕೊನೆಗೆ ತೆಗೆದುಕೊಂಡದ್ದು ಹಸಿರು ಇಳಕಲ್ ಸೀರೆ ಎಂದೆ. ಅದೂ ಕಂಪ್ಯೂಟರಿನಲ್ಲೇ ಇದ್ದದ್ದಲ್ಲವೇ, ಕದ್ದವರಿಗೂ ಗೊತ್ತಿರುತ್ತದೆ ಎಂದರು. ಮಾತು ನ್ಯಾಯವಾಗಿಯೇ ಇತ್ತು.

ಕೊನೆಗೆ ಅವರೇ ದಾರಿ ತೋರಿಸಿದರು. "ಕಂಪ್ಯೂಟರಿನಾಗ ಇರಲಾರದ್ದು ಒಂದ ಹೇಳ್ರಿ. ಆ ಸೀರಿ ತಗೊಳ್ಳುವಾಗ ನಾ ಯಾಕ ಜಗಳಾ ಮಾಡಿದ್ನಿ?"

ಅದನ್ನು ನಾನು ಹೇಗೆ ಮರೆಯಲಿ. "ನಮ್ಮ ಕನ್ನಡಿ ನಿಮ್ಮನ್ನ ದಪ್ಪ ತೋರಸತೈತಂತ ಮಾಡಿದ್ರಿ. ಮಾಲಕರನ್ನ ಕರೀರಿ ಅಂದ್ರಿ. ಕನ್ನಡಿ ಬದಲು ಮಾಡೂತನಾ ಬಿಲ್ ಕೊಡೂದಿಲ್ಲಂದ್ರಿ."

ಆ ಕಡೆಯ ದನಿ ಬದಲಾಯಿತು. "ಹೌದ್ರಿ ಅಕ್ಕಾರ, ನೀವ ಖರೇನ ಅಂಗಡಿಯವರು. ಈಗ ಹೇಳ್ರಿ, ಕನ್ನಡಿ ಬದಲು ಮಾಡೀರೇನು?"

ನಾಲ್ಕು ಹುಟ್ಟುಹಬ್ಬ

ಕಿತ್ತೂರಿನಿಂದ ಒಬ್ಬ ಶಾಲಾ ಶಿಕ್ಷಕಿ ಗಂಡನ ಜೊತೆ ಬಂದರು. ಕಾನೂನು ಓದಿಕೊಂಡೇ ಬಂದಿದ್ದರು. ತಮ್ಮ ಬಗ್ಗೆ ನಮ್ಮಲ್ಲಿ ಏನೇನಿದೆ, ನಾಲ್ಕೂ ಅಂಗಡಿಯದ್ದು ಪೂರ್ತಿ ತೋರಿಸಬೇಕು ಅಂತ ಪಟ್ಟು ಹಿಡಿದರು. ಹಕ್ಕು ಅವರದ್ದು. ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ.

ಹೆಸರು ಸರಿ ಇತ್ತು, ನಂಬರು ಸರಿ ಇತ್ತು. ಹುಟ್ಟಿದ ದಿನ ಮಾತ್ರ ಕಿತ್ತೂರಿನಲ್ಲಿ ದೀಪಾವಳಿ ಹೊತ್ತಿಗೆ, ಸವದತ್ತಿಯಲ್ಲಿ ಸಂಕ್ರಾಂತಿ ಹೊತ್ತಿಗೆ, ರಾಮದುರ್ಗದಲ್ಲಿ ಯುಗಾದಿ ಹೊತ್ತಿಗೆ, ಬೈಲಹೊಂಗಲದಲ್ಲಿ ನಾಗರ ಪಂಚಮಿ ಹೊತ್ತಿಗೆ. ಹುಟ್ಟುಹಬ್ಬದ ವಾರದಲ್ಲಿ ನಾವು ಹೆಚ್ಚಿನ ರಿಯಾಯಿತಿ ಕೊಡುತ್ತೇವೆ ಅನ್ನುವುದು ಇಲ್ಲಿ ಹೇಳಬೇಕಾದ ಮಾತು.

ನಾನು ವಿನಯದಿಂದಲೇ, ಯಾವುದು ಸರಿ ಹೇಳಿ, ಉಳಿದದ್ದು ತಿದ್ದುತ್ತೇನೆ ಎಂದೆ. ಅವರು ನನ್ನ ಮುಖ ನೋಡಲಿಲ್ಲ. ಕಳುವಾಗಿ ಹೋದದ್ದನ್ನು ಈಗ ತಿದ್ದಿ ಏನು ಪ್ರಯೋಜನ, ಇದ್ದ ಹಾಗೇ ಇರಲಿ ಎಂದರು. ಆವರೆಗೆ ಸುಮ್ಮನೆ ಕೂತಿದ್ದ ಗಂಡ ಕನ್ನಡಕ ಸರಿಮಾಡಿಕೊಂಡು ಪರದೆಯನ್ನು ಇನ್ನೊಮ್ಮೆ ಓದಿದರು.

"ಹಂಗಾರ ನಿನ್ನ ವಯಸ್ಸು ವರ್ಷಕ್ಕ ನಾಕು ಏರಾಕ ಹತ್ತೇತಂತಾತು."

ಆ ಹೆಣ್ಣುಮಗಳು ನಿಂತ ಕಾಲಿನಲ್ಲೇ ಮೂರು ಹುಟ್ಟುಹಬ್ಬ ಅಳಿಸಿಸಿ ಹೋದರು.

ಅಳತೆ

ಮುನವಳ್ಳಿಯ ಕಾಳಿನ ವ್ಯಾಪಾರಿ ಒಬ್ಬರು ಗಿರಾಕಿಗಳೆಲ್ಲ ಹೋಗಲಿ ಅಂತ ಕಾದು, ಟೇಬಲ್ಲಿಗೆ ಬಗ್ಗಿ, ಸಣ್ಣ ದನಿಯಲ್ಲಿ ಕೇಳಿದರು: "ಸೊಂಟದ ಅಳತಿನೂ ಹೋಗೇತೇನ್ರಿ?"

ಹೋಗಿತ್ತು. ಪ್ಯಾಂಟು ಹೊಲಿಸಲು ಕೊಟ್ಟಾಗಿನದು, ನಲವತ್ತೆರಡು. ಅವರ ಮುಖ ಬಾಡಿತು. ದಿನಾ ಬೆಳಿಗ್ಗೆ ಊರ ಹತ್ತಿರದ ಡ್ಯಾಮಿನ ಕಡೆ ವಾಕಿಂಗ್ ಹೋಗಿ ಸಣ್ಣಗಾಗಿದ್ದೇನೆ ಅಂತ ಗೆಳೆಯರಿಗೆಲ್ಲ ಹೇಳಿಕೊಂಡಿದ್ದರಂತೆ. ಈ ಅಳತೆ ಎಲ್ಲಾದರೂ ಆ ಗೆಳೆಯರ ಕೈಗೆ ಸಿಕ್ಕರೆ ಮರ್ಯಾದೆ ಏನಾಗಬೇಕು. ಅದು ತಪ್ಪು ಮಾಹಿತಿ, ಮೂವತ್ತೆಂಟು ಅಂತ ತಿದ್ದಿ, ತಿದ್ದಿಸುವ ಹಕ್ಕು ನನಗಿದೆ ಎಂದರು.

ತಿದ್ದಬೇಕಾದರೆ ಸರಿಯಾದದ್ದು ಯಾವುದು ಅಂತ ನೋಡಬೇಕಲ್ಲ. ನಮ್ಮ ಟೇಲರ್ ಮಾಸ್ತರರನ್ನು ಕರೆದೆ. ವ್ಯಾಪಾರಿ ಎದ್ದು ನಿಂತು ಉಸಿರು ಎಳೆದು ಬಿಗಿಹಿಡಿದರು. ಮಾಸ್ತರರು ಹಳೆಯ ಕಾಲದವರು, ಅವಸರವಿಲ್ಲ. ಟೇಪು ಸುತ್ತಿ, ಅದನ್ನು ಹಾಗೇ ಹಿಡಿದುಕೊಂಡು, ಈ ಸಲ ಕಡಲೆ ಹೇಗೆ ಬಂದಿದೆ ಅಂತ ಕೇಳಿದರು. ವ್ಯಾಪಾರಿ ಬರೀ ತಲೆ ಅಲ್ಲಾಡಿಸಿದರು. ಮಾಸ್ತರರು ರೇಟು ಹೇಗಿದೆ ಎಂದರು. ಅದಕ್ಕೂ ತಲೆಯೇ. ಇನ್ನೂ ಇಳಿಯುತ್ತದಂತೆ, ಹೌದೇ ಎಂದರು. ರೇಟು ಇಳಿಯುವ ಮಾತು ಬಂದರೆ ಯಾವ ವ್ಯಾಪಾರಿಯೂ ಸುಮ್ಮನೆ ನಿಲ್ಲಲಾರ. "ಯಾರ ಅಂದವ್ರು?" ಅಂತ ಕೇಳಿಯೇಬಿಟ್ಟರು. ಉಸಿರು ಹೊರಗೆ ಬಂತು. ಟೇಪು ನಲವತ್ತನಾಲ್ಕಕ್ಕೆ ನಿಂತಿತು.

ಮೂವರೂ ಬೀದಿ ನೋಡಿದೆವು. ಆಮೇಲೆ ವ್ಯಾಪಾರಿ ಮತ್ತೆ ಟೇಬಲ್ಲಿಗೆ ಬಗ್ಗಿದರು. "ಅಳಸೂ ಹಕ್ಕೂ ಐತಂತಲ್ಲ, ಅದನ್ನ ಮಾಡಿಬಿಡ್ರಿ."

ಸುರೇಬಾನದ ಅಜ್ಜಿ

ವಾರಕ್ಕೊಮ್ಮೆ ನಾನು ರಾಮದುರ್ಗದ ಅಂಗಡಿಯಲ್ಲಿ ಕೂರುತ್ತಿದ್ದೆ. ಸುರೇಬಾನದಲ್ಲಿ ರೊಟ್ಟಿ ಮಾಡಿ ಮಾರುವ ಅಜ್ಜಿಯೊಬ್ಬರು ಬಂದು ಎಲ್ಲ ಹಕ್ಕುಗಳನ್ನೂ ಪಾಠದ ಹಾಗೆ ಕೇಳಿಕೊಂಡು ಹೋದರು. ಅವರದ್ದು ಒಂದೇ ತಕರಾರು. ನಮ್ಮ ಕಂಪ್ಯೂಟರಿನಲ್ಲಿ ಅವರ ಹೆಸರಿನ ಮುಂದೆ 'ಶ್ರೀಮತಿ' ಬದಲು 'ಶ್ರೀ' ಅಂತಿತ್ತು. ಪ್ರತಿ ಹಬ್ಬಕ್ಕೂ 'ಸನ್ಮಾನ್ಯ ಸರ್' ಅಂತ ಶುಭಾಶಯ ಹೋಗಿ ಓಣಿಯವರೆಲ್ಲ ನಗುತ್ತಿದ್ದರು. ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಹೇಳಿದೆ. ಆಯಿತು, ಮಾಡುತ್ತೇನೆ ಎಂದರು.

ಮುಂದಿನ ವಾರ ಅಜ್ಜಿ ಖುಷಿಯಿಂದ ಬಂದರು. ಸಾಹುಕಾರರೂ ಅಂದು ಅಲ್ಲೇ ಇದ್ದರು. ನಿಮ್ಮ ಅಂಗಡಿಯಿಂದ ಒಬ್ಬ ಫೋನ್ ಮಾಡಿದ್ದ, ಬಹಳ ಒಳ್ಳೆಯ ಮನುಷ್ಯ ಎಂದರು. ಮಾಹಿತಿ ಕಳುವಾದದ್ದಕ್ಕೆ ಪರಿಹಾರವಾಗಿ ಸೀರೆ ಕೊಡುತ್ತೇವೆ, ಫೋನಿಗೆ ಒಂದು ನಂಬರು ಬರುತ್ತದೆ, ಅದನ್ನು ಹೇಳಿ ಅಂದನಂತೆ.

ನಾವು ಯಾರೂ ಫೋನ್ ಮಾಡಿರಲಿಲ್ಲ. ಸಾಹುಕಾರರು ಬೆವರು ಒರೆಸಿಕೊಂಡರು. ಅಜ್ಜಿ ಆರಾಮಾಗಿ ಹೇಳುತ್ತ ಹೋದರು. ನಂಬರು ಇರಲಿ, ಮೊದಲು ನನ್ನ ಬಗ್ಗೆ ನಿನ್ನ ಹತ್ತಿರ ಏನೇನಿದೆ ಓದು ಅಂದರಂತೆ. ಅವನು ಎಲ್ಲ ಓದಿದ. 'ಶ್ರೀ' ಬಂದ ಕೂಡಲೇ ತಡೆದು, ಅದನ್ನು ತಿದ್ದು, ಆಮೇಲೆ ಮುಂದಿನ ಮಾತು ಅಂದರು. ತಿದ್ದಿದೆ ಅಂದ. ಓದಿ ತೋರಿಸು ಅಂದರು. 'ಶ್ರೀಮತಿ' ಅಂತ ಓದಿದ. ಈಗ ನನ್ನ ಫೋನ್ ನಂಬರು ಅಳಿಸು ಅಂದರು. ಅಳಿಸಿದರೆ ನಿಮಗೆ ಫೋನ್ ಹೇಗೆ ಮಾಡಲಿ ಅಂತ ಅವನು ಕೇಳಿದ. ಅದು ನಿನ್ನ ಪಾಡು, ಇಲ್ಲದಿದ್ದರೆ ನಿನ್ನ ಮೇಲಿನವರು ಯಾರು ಹೇಳು, ದೂರು ಕೊಡುತ್ತೇನೆ ಅಂದರು. ಫೋನ್ ಕಟ್ಟಾಯಿತು.

"ಅಜ್ಜಿ, ಬಂದ ನಂಬರ ಹೇಳಿದ್ರೇನು?" ಎಂದೆ.

"ಹೇಳೂದಕ್ಕ ಅವ ನಿಂದ್ರಬೇಕಲ್ಲ."

ಅವನೇ ಕಳ್ಳರ ಕಡೆಯವನು ಅಂತ ಬಿಡಿಸಿ ಹೇಳಿದೆವು. ಅಜ್ಜಿ ಹೆದರಲಿಲ್ಲ, ಸ್ವಲ್ಪ ಬೇಜಾರು ಮಾಡಿಕೊಂಡರು. ಸಾಹುಕಾರರು ತಾವೇ ಅವರನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗಿ ದೂರು ಬರೆಸಿದರು. ವಾಪಸು ಬಂದು ಕೈಮುಗಿದು, ನಿಮಗೆ ಅಂಗಡಿಯಿಂದ ಏನು ಮಾಡಲಿ ಹೇಳಿ ಎಂದರು. ಹೆಸರು ಸರಿಯಾಗಿದೆಯೇ ನೋಡಲು ಅಜ್ಜಿ ನನಗೆ ಹೇಳಿದರು. ನೋಡಿದೆ. 'ಶ್ರೀ' ಹಾಗೇ ಇತ್ತು.

ಅಜ್ಜಿ ಸಾಹುಕಾರರ ಕಡೆ ತಿರುಗಿದರು. "ಆ ಕಳ್ಳ ಸಿಕ್ಕರ ಲಗೂನ ಜೇಲಿಗಿ ಹಾಕಸಬ್ಯಾಡ್ರಿ ಸಾಹುಕಾರ್ರ. ಒಂದ ವಾರ ಈ ಕಂಪ್ಯೂಟರಿನ ಮುಂದ ಕುಂಡ್ರಸ್ರಿ. ಅವಗ ಕೆಲಸ ಬರತೈತಿ."