ತಕ್ಕಡಿಯ ಕೆಳಗೆ ನಮ್ಮತ್ತೆಯ ಬೆರಳು

ನಮ್ಮೂರಲ್ಲಿ ನಮ್ಮತ್ತೆಯಂಥ ಕಳ್ಳಿ ಇನ್ನೊಬ್ಬಳಿಲ್ಲ. ಸೊಸೆಯಾದವಳು ಹೀಗೆ ಬರೆಯಬಾರದು, ಗೊತ್ತು. ಆದರೆ ಅವರು ಕದ್ದದ್ದು ಹಿತ್ತಲಿನ ಬದನೆಕಾಯಿಯನ್ನಲ್ಲ, ಪಕ್ಕದ ಮನೆಯ ಕೋಳಿಯನ್ನಲ್ಲ. ಕಿಲೋಗಟ್ಟಲೆ ತೂಕ! ಅದೂ ಸರಕಾರದ ತಕ್ಕಡಿಯಿಂದ, ನನ್ನ ಕಣ್ಣೆದುರಿಗೇ, ನಾನು ಹೆತ್ತ ಮಗಳದ್ದು!

ಹಾನಗಲ್ಲ ತಾಲೂಕಿನ ನಮ್ಮ ಹಳ್ಳಿಯಲ್ಲಿ ನಾನು ಅಂಗನವಾಡಿ ಕಾರ್ಯಕರ್ತೆ. ಊರವರ ಬಾಯಲ್ಲಿ ಅಕ್ಕೋರು. ಹಾಡು, ಕತೆ, ಹಾಲು, ಮೊಟ್ಟೆ, ಮೂಗು ಒರೆಸುವುದು, ಎಲ್ಲವೂ ನನ್ನ ಖಾತೆಗೆ ಸೇರಿದ್ದು. ಮನೆಯಲ್ಲಿ ನನ್ನನ್ನು "ಏ, ರೊಟ್ಟಿ ಬಡಿ ಬಾ" ಎಂದು ಕರೆಯುವ ಅತ್ತೆ, ಅಂಗನವಾಡಿಯ ಹೊಸ್ತಿಲು ದಾಟಿದ ಕೂಡಲೇ "ನಮಸ್ಕಾರ್ರಿ ಅಕ್ಕೋರ" ಅನ್ನುತ್ತಾರೆ. ಸರಕಾರದ ಮರ್ಯಾದೆ ಸರಕಾರಕ್ಕೆ!

ತಿಂಗಳಿಗೊಮ್ಮೆ ತೊಲೆಗೆ ತಕ್ಕಡಿ ಕಟ್ಟಿ, ಮಕ್ಕಳನ್ನು ಜೋಳಿಗೆಯಂಥ ಚೀಲದಲ್ಲಿ ಕೂರಿಸಿ ತೂಗಬೇಕು. ಎಷ್ಟಾಯಿತೆಂದು ತಾಯಂದಿರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿ, ಪುಸ್ತಕದಲ್ಲಿ ಗುರುತು ಹಾಕಬೇಕು. ಗುರುತು ಹಸಿರಲ್ಲಿ ಬಿದ್ದರೆ ಮಗು ಗಟ್ಟಿ, ಹಳದಿಗೆ ಇಳಿದರೆ ಬಡಕಲು, ಕೆಂಪಿಗೆ ಬಿದ್ದರೆ ಹಾನಗಲ್ಲ ದವಾಖಾನೆ.

ಈ ಗಟ್ಟಿಯಾಗಿ ಹೇಳುವುದೇ ನಮ್ಮತ್ತೆಗೆ ಆಗದ ಕೆಲಸ. ಕೂಸಿನ ತೂಕ ನಾಲ್ಕು ಜನರ ಕಿವಿಗೆ ಬಿದ್ದರೆ ದೃಷ್ಟಿಯಾಗದೆ ಇರುತ್ತದೆಯೇ? ಮೊಮ್ಮಗಳು ಹೇಗಿದ್ದಾಳೆಂದು ಯಾರಾದರೂ ಕೇಳಲಿ, ಮೂರನೆಯ ರೊಟ್ಟಿ ಮುರಿಯುತ್ತಿರುವ ಮೂರು ವರ್ಷದವಳನ್ನು ಸೆರಗಿನಲ್ಲಿ ಮುಚ್ಚಿ, ಎರಡು ದಿನದಿಂದ ಒಂದಗುಳೂ ಮುಟ್ಟಿಲ್ಲವೆಂದು ನಿಟ್ಟುಸಿರು ಬಿಡುತ್ತಾರೆ. ಅಂಗನವಾಡಿಯ ಗೋಡೆಯ ಮೇಲೊಂದು ಚಿತ್ರವಿದೆ, ಬಾಳೆಹಣ್ಣು ಹಿಡಿದ ಗುಂಡುಗುಂಡಾದ ಕೂಸು. ಒಂದು ಬೆಳಿಗ್ಗೆ ನೋಡುತ್ತೇನೆ, ಅದರ ಕೆನ್ನೆಗೂ ಕಾಡಿಗೆಯ ಬೊಟ್ಟು! ಕೇಳಿದರೆ, "ಬಂದವರೆಲ್ಲಾ ಅದನ್ನ ನೋಡ್ತಾರ. ಅದೂ ಯಾರದೋ ಕೂಸಲ್ಲೇನ್ರಿ ಅಕ್ಕೋರ?" ಅಂದರು. ನಾನು ಒರೆಸಲಿಲ್ಲ. ಸಂಜೆ ಅದೇ ಮನೆಗೆ ಹೋಗಬೇಕಲ್ಲ!

ತೂಕದ ದಿನ ಮಗಳನ್ನು ಅವರೇ ಕರೆತರುತ್ತಿದ್ದರು. ಬೀಳದಂತೆ ಹಿಡಿಯುವ ನೆಪದಲ್ಲಿ ಚೀಲದ ಕೆಳಗೆ ಕೈ. ನನ್ನ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆ, ಅವರ ಬೆರಳು ಮೊಮ್ಮಗಳ ಕುಂಡಿಯ ಕೆಳಗೆ. ಇದು ನನಗೆ ಆಗ ಎಲ್ಲಿ ಗೊತ್ತು? ಮೂರು ತಿಂಗಳಲ್ಲಿ ಮಗಳ ಲಂಗ ಬಿಗಿಯಾಗುತ್ತ ಹೋಯಿತು, ತೂಕ ಇಳಿಯುತ್ತ ಹೋಯಿತು. ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿನ ಅಂಚಿಗೆ. ಊರ ಮಕ್ಕಳಿಗೆಲ್ಲ ಉಣಿಸುವ ಅಕ್ಕೋರ ಮಗಳೇ ಬಡಕಲು ಎಂದು ನಳದ ಹತ್ತಿರ ನಗೆ. ನಗಲಿ ಬಿಡಿ, ನನಗೆ ಮಾತ್ರ ಜೀವ ಕೈಯಲ್ಲಿ. ಒಳಗೇನಾದರೂ ರೋಗವಿದ್ದೀತೇ ಎಂದು ಅಂಜಿ ಮಗಳ ಹೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಕೊನೆಗೆ ಮೇಲ್ವಿಚಾರಕಿ ಮೇಡಂ ಬಂದರು. ಮಗಳನ್ನು ದವಾಖಾನೆಗೆ ಸೇರಿಸುವ ಚೀಟಿ ಬರೆಯಲೆಂದು ಪುಸ್ತಕ ಬಿಚ್ಚಿದರು. ಪುಸ್ತಕದಲ್ಲಿ ಕಡ್ಡಿಯಂಥ ಹುಡುಗಿ. ಎದುರಿಗೆ ಎರಡೂ ಕೈಯಲ್ಲಿ ಮೊಟ್ಟೆ ಹಿಡಿದ ಡುಮ್ಮಿ. ಮತ್ತೆ ತೂಗಲು ಚೀಲದಲ್ಲಿ ಕೂರಿಸುವಾಗ ಅತ್ತೆಯ ಕೈ ಎಂದಿನಂತೆ ಕೆಳಗೆ ಹೋದದ್ದು ಮೇಡಂ ಕಣ್ಣಿಗೆ ಬಿತ್ತು. ಅತ್ತೆಯ ಎರಡೂ ಕೈ ಹಿಡಿದು ದೂರ ನಿಲ್ಲಿಸಿಕೊಂಡು, ಈಗ ತೂಗಿರಿ ಎಂದು ನನಗೆ ಹೇಳಿದರು. ಮುಳ್ಳು ಸರ್ರನೆ ತಿರುಗಿ ಹದಿನೈದರ ಮೇಲೆ ನಿಂತಿತು. "ಹದಿನೈದು!" ಮೇಡಂ ಇಡೀ ಓಣಿಗೆ ಕೇಳುವಂತೆ ಕೂಗಿದರು.

ಅತ್ತೆಯ ಮುಖ ಬಿಳಿಚಿತು. ಅಡುಗೆ ಕೋಣೆಗೆ ಓಡಿ ಉಪ್ಪು, ಒಣಮೆಣಸಿನಕಾಯಿ ತಂದು ಮೊಮ್ಮಗಳಿಗೆ ನಿವಾಳಿಸಿದರು. ಒಬ್ಬಳಿಗೇ ಮಾಡಿದರೆ ತಪ್ಪೆಂದು ಉಳಿದ ಮಕ್ಕಳಿಗೆ, ಆಮೇಲೆ ಮೇಡಂಗೆ, ಕಡೆಗೆ ತಕ್ಕಡಿಗೂ ನಿವಾಳಿಸಿ ಎಲ್ಲವನ್ನೂ ಒಲೆಗೆ ಹಾಕಿದರು. ಅಂಗನವಾಡಿಗೆ ಅಂಗನವಾಡಿಯೇ ಕೆಮ್ಮುತ್ತ ಹೊರಗೆ ಓಡಿತು! ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲವಂತೆ. ಮೇಡಂ ಕಣ್ಣು ಮೂಗು ಒರೆಸಿಕೊಳ್ಳುವುದನ್ನು ಕಂಡು ಅತ್ತೆಗೆ ತುಸು ಸಮಾಧಾನವಾಯಿತು.

ಎಲ್ಲರೂ ಹೋದ ಮೇಲೆ ನಾನು ಮೊದಲ ಸಲ ಅವರ ಮೇಲೆ ಹರಿಹಾಯ್ದೆ. ಮೂರು ತಿಂಗಳು ನನ್ನ ಕರುಳು ಹಿಂಡಿದಿರಲ್ಲ ಎಂದೆ. ಅವರು ತಕ್ಕಡಿಯ ಚೀಲ ಮಡಚುತ್ತ ಕುಳಿತರು. ನನ್ನ ಗಂಡನಿಗಿಂತ ಮೊದಲು ಅವರಿಗೊಬ್ಬ ಮಗಳು ಹುಟ್ಟಿದ್ದಳೆಂದು ನನಗೆ ಗೊತ್ತಿತ್ತು. ಹೇಗೆ ಹೋದಳೆಂದು ಯಾರೂ ಹೇಳಿರಲಿಲ್ಲ.

"ಕಣದಾಗ ಭತ್ತಾ ತೂಗಾಕತ್ತಿದ್ರು," ಅಂದರು. "ನಗಚಾಟಿಕಿಗೆ ಅಕೀನ್ನೂ ತಕ್ಕಡ್ಯಾಗ ಕುಂದ್ರಿಸಿದ್ರು. ಎಷ್ಟ್ ಗಟ್ಟಿ ಅದಾಳ ಅಂತ ಎಲ್ಲಾರೂ ನಕ್ಕರು. ನಾನೂ ನಕ್ಕೆ. ಎಂಟ ದಿನದಾಗ ಜ್ವರ ಬಂದು ಹೋದ್ಲು."

ಜ್ವರಕ್ಕೂ ತಕ್ಕಡಿಗೂ ಸಂಬಂಧವಿಲ್ಲ ಎಂಬುದನ್ನು ತಾಯಂದಿರ ಸಭೆಯಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ. ಅಂದು ಮಾತ್ರ ಚೀಲದ ಇನ್ನೊಂದು ತುದಿ ಹಿಡಿದು ಅವರ ಮಗ್ಗುಲಲ್ಲಿ ಕುಳಿತೆ, ಕಣ್ಣು ತುಂಬಿ ಬಂತು.

ಮುಂದಿನ ತಿಂಗಳು ಅವರೇ ಮೊಮ್ಮಗಳನ್ನು ಚೀಲದಲ್ಲಿ ಕೂರಿಸಿ, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಮುಳ್ಳು ನೋಡಿದೆ. ಅದೊಂದು ತೂಕವನ್ನು ಮಾತ್ರ ಗಟ್ಟಿಯಾಗಿ ಹೇಳಲಿಲ್ಲ, ಸುಮ್ಮನೆ ಬರೆದುಕೊಂಡೆ.

"ಹೆಚ್ಚಾಗೇತೇನ್ರಿ?" ಗೋಡೆಯನ್ನೇ ನೋಡುತ್ತ ಕೇಳಿದರು.

"ಆಗೇತ್ರಿ, ಅತ್ತಿ."

ತಿರುಗಿ ಬಂದು ಮೊಮ್ಮಗಳನ್ನು ಎತ್ತಿಕೊಂಡರು. ಕೆಳಗೆ ಇಳಿಸಲಿಲ್ಲ. ತೋಳಿನಲ್ಲಿ ಒಮ್ಮೆ ಮೇಲೆ ಕೆಳಗೆ ಮಾಡಿ ಭಾರ ನೋಡಿದರು.

"ಅಕೀನೂ ಇಷ್ಟ ಇದ್ಲು," ಅಂದರು.