ಕೊಯ್ಯಬಾರದ ಸೊಪ್ಪು

ರೇಷ್ಮೆ ಹುಳು ಹಿಪ್ಪುನೇರಳೆ ಸೊಪ್ಪನ್ನು ತಿನ್ನುತ್ತದೆ ಎಂಬ ಸಂಗತಿ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಅಧಿಕೃತವಾಗಿ ಪತ್ತೆಯಾದದ್ದು ಕಳೆದ ಕಾರ್ತೀಕ ಮಾಸದಲ್ಲಿ. ಪತ್ತೆ ಮಾಡಿದವರು ಹಸಿರು ಸಮತೋಲನ ಸಂಶೋಧನಾ ಘಟಕದ ವಿಜ್ಞಾನಿ ಮುರಳಿಮೋಹನ್. ಸ್ಥಳ, ಆದಿಲಕ್ಷ್ಮಮ್ಮನವರ ಹುಳುಮನೆ.

ಆದಿಲಕ್ಷ್ಮಮ್ಮ ಮದುವೆಯಾಗಿ ಬಂದಾಗಿನಿಂದ ಹುಳು ಸಾಕಿದವರು. ಅವರ ಒಂದೆಕರೆ ಸೊಪ್ಪಿನ ತೋಟ ವಿಷದ ಔಷಧಿ ಕಂಡಿರಲಿಲ್ಲ. ನೀರನ್ನೂ ಲೆಕ್ಕವಿಟ್ಟು ಬಿಡುತ್ತಿದ್ದರು. ಆದಕಾರಣ ಘಟಕವು ಅದನ್ನು ‘ಇಳುವರಿಗೂ ಪರಿಸರಕ್ಕೂ ಸಮನ್ಯಾಯ’ ಯೋಜನೆಯ ಮಾದರಿ ತೋಟವೆಂದು ಘೋಷಿಸಿ, ಹಳೆಯ ಹನಿ ನೀರಾವರಿ ಪೈಪು ಕಿತ್ತು ಒಯ್ದು, ಹೊಸದು ಹಾಕಿಸಿ, ಬದುವಿನ ಮೇಲೆ ಫಲಕ ನೆಟ್ಟಿತು. ಪರಿಶೀಲನಾ ತಂಡ ಬಂದು ನೋಡುವವರೆಗೆ ಹಸಿರು ಕಡಿಮೆಯಾಗುವಂತಿಲ್ಲ. ಸೊಪ್ಪು ಕೊಯ್ದರೆ ಪೈಪು ವಾಪಸು.

“ಸಾರ್, ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದವೆ. ಇನ್ನು ಗೂಡು ಕಟ್ಟೋವರೆಗೂ ಅವಕ್ಕೆ ತಿನ್ನೋದೇ ಕೆಲಸ. ಸೊಪ್ಪು ಹಾಕ್ದಿದ್ರೆ ಸಾಯ್ತವೆ,” ಎಂದರು ಆದಿಲಕ್ಷ್ಮಮ್ಮ.

“ಉಪಗ್ರಹ ಮೇಲಿಂದ ದಿನಾ ತೋಟ ನೋಡ್ತಿರುತ್ತಮ್ಮ,” ಎಂದರು ಮುರಳಿಮೋಹನ್.

“ಹಂಗಾದ್ರೆ ಹುಳದ ಮನೇನೂ ನೋಡ್ಲಿ.”

“ಅದಕ್ಕೆ ಹೆಂಚಿದೆಯಲ್ಲಮ್ಮ. ಕಾಣಲ್ಲ.”

ಉಪಗ್ರಹಕ್ಕೆ ಕಾಣದ್ದನ್ನು ಮುರಳಿಮೋಹನ್ ಖುದ್ದಾಗಿ ಒಳಹೊಕ್ಕು ನೋಡಿ ವರದಿ ಬರೆದರು: ‘ತೋಟದಲ್ಲಿ ಕೀಟಬಾಧೆ ಇಲ್ಲ. ಆದರೆ ಎಲೆ ತಿನ್ನುವ ಕೀಟಗಳು ಮಾಲೀಕರ ಮನೆಯಲ್ಲಿಯೇ ಭಾರಿ ಸಂಖ್ಯೆಯಲ್ಲಿ ಆಶ್ರಯ ಪಡೆದಿವೆ. ಇವುಗಳಿಂದ ತೋಟವನ್ನು ರಕ್ಷಿಸತಕ್ಕದ್ದು.’

ಹೊರಗಿನಿಂದ ಸೊಪ್ಪು ಕೊಳ್ಳೋಣವೆಂದರೆ, ಹೊಸ ಪೈಪಿನ ಆಸೆಗೆ ಊರಿನ ತೋಟಗಳೆಲ್ಲ ಮಾದರಿಯಾಗಿದ್ದವು. ಆದಿಲಕ್ಷ್ಮಮ್ಮನವರ ಗೂಡು ಕೊಂಡು ನೂಲು ತೆಗೆಯುವ ದಸ್ತಗಿರ್ ವಿಚಾರಿಸಲು ಬಂದ.

“ಅಕ್ಕಾ, ಮನೆ ತುಂಬ ಹುಳ, ತೋಟ ತುಂಬ ಸೊಪ್ಪು. ಮಧ್ಯೆ ಏನಕ್ಕಾ ಅಡ್ಡ?”

“ಫಲಕ ಕಣಪ್ಪ.”

“ಕಿತ್ತು ಬಿಸಾಕಿ!”

“ಪೈಪೂ ಕಿತ್ಕೊಂಡು ಹೋಗ್ತಾರೆ. ಆಮೇಲೆ ತೋಟಾನೂ ಒಣಗ್ತದೆ, ಹುಳಾನೂ ಇರಲ್ಲ.”

ತಂಡ ಬರುವುದು ತಡವಾಯಿತು. ಹಸಿದ ಹುಳುಗಳು ತಟ್ಟೆಯ ಅಂಚಿಗೆ ಬಂದು, ತಲೆಯೆತ್ತಿ ಗಾಳಿಯಲ್ಲಿ ಅತ್ತಿತ್ತ ಹುಡುಕುತ್ತಿದ್ದವು. ಆದಿಲಕ್ಷ್ಮಮ್ಮ ಹುಳುಮನೆಯ ಬಾಗಿಲ ಕಡೆ ಹೋಗುವುದನ್ನೇ ಬಿಟ್ಟರು. ಕೊನೆಗೂ ಬಂದ ತಂಡದ ಮುಖ್ಯಸ್ಥರು ಮಾತ್ರ ಬಾಗಿಲಲ್ಲಿ ನಿಂತು ಸಂತೋಷಪಟ್ಟರು. “ನೋಡ್ರೀ, ನಮಸ್ಕಾರ ಮಾಡ್ತಿವೆ!” ಷರಾದಲ್ಲಿ, ‘ಜೀವವೈವಿಧ್ಯ ತೃಪ್ತಿಕರ. ಹಸಿರನ್ನು ಮುಂದೆಯೂ ಹೀಗೆಯೇ ಕಾಯ್ದುಕೊಳ್ಳತಕ್ಕದ್ದು’ ಎಂದಿತ್ತು.

ಸತ್ತ ಹುಳುಗಳನ್ನು ಆದಿಲಕ್ಷ್ಮಮ್ಮ ಮಂಕರಿಯಲ್ಲಿ ತುಂಬಿ ಗೊಬ್ಬರದ ಗುಂಡಿಗೆ ಸುರಿದರು. ಪಕ್ಕದಲ್ಲಿ ನಿಂತು ಗಮನಿಸಿದ ಮುರಳಿಮೋಹನ್‌ಗೆ ಎರಡನೆಯ ಸಂಶೋಧನೆ ಹೊಳೆಯಿತು. ಈವರೆಗೆ ಸೊಪ್ಪು ಹುಳುವನ್ನು ಸಾಕುತ್ತಿತ್ತು. ಇನ್ನು ಮುಂದೆ ಹುಳು ಸೊಪ್ಪನ್ನು ಸಾಕುವುದು.

ಪದ್ಧತಿಗೆ ಬಹುಮಾನ ಬಂತು. ಚಿಂತಾಮಣಿ, ಗೌರಿಬಿದನೂರಿನಿಂದ ರೈತರು ಬಸ್ಸಿನಲ್ಲಿ ಬಂದು, ಯಾರೂ ಕೊಯ್ಯದ ಸೊಪ್ಪಿನ ಮುಂದೆ ಫೋಟೊ ತೆಗೆಸಿಕೊಂಡು ಹೋದರು. ದಸ್ತಗಿರ್ ಗೂಡು ಬೇಯಿಸುವ ಒಲೆ ಆರಿಸಿ, ಆ ಬಸ್ಸಿನವರಿಗೆ ಟೀ ಮಾರತೊಡಗಿದ.

ಸಂಕ್ರಾಂತಿ ಕಳೆದ ಮೇಲೆ ಘಟಕದ ವ್ಯಾನು ಮರಿಹುಳುಗಳನ್ನು ತಂದು, ರಸೀದಿಯಲ್ಲಿ ‘ಗೊಬ್ಬರ’ ಎಂದು ಬರೆಸಿಕೊಂಡು ಇಳಿಸಿತು. ಕಡ್ಡಿಯಷ್ಟು ಸಣ್ಣವು. ಆದಿಲಕ್ಷ್ಮಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತರು.

“ಸಾರ್, ಗುಂಡಿಗೆ ಹಾಕೋ ಮುಂಚೆ ಇವಕ್ಕೆ ಒಂದ್ಸಲ ಸೊಪ್ಪು ಹಾಕ್ಲಾ?”

ಮುರಳಿಮೋಹನ್ ಯೋಜನೆಯ ಸುತ್ತೋಲೆಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಅವರು ಕೆಟ್ಟವರಲ್ಲ.

“ಗೊಬ್ಬರಕ್ಕೆ ಊಟ ಹಾಕಬಾರದು ಅಂತ ಎಲ್ಲೂ ಇಲ್ಲಮ್ಮ. ಹಾಕಿ. ಸೊಪ್ಪು ಮಾತ್ರ ಹೊರಗಡೆಯಿಂದ ತರಿಸ್ಕೊಳ್ಳಿ.”

ಆದಿಲಕ್ಷ್ಮಮ್ಮ ಸುತ್ತಲಿನ ತೋಟಗಳ ಬದುವಿನ ಮೇಲಿದ್ದ ಫಲಕಗಳನ್ನು ನೋಡಿ, ಆಗಲಿ ಎಂದರು.